ಖಣದ ಸಂಚಿ

ಒಂಬತ್ತಕ್ಕೆ ಸ್ನಾನ, ಅದರ ಹಿಂದೆಯೇ ಸೀರೆ ಉಡಿಸಿ ಉಡಿ ತುಂಬುವುದು, ಅಷ್ಟರಲ್ಲಿ ಅಂಗಳದಲ್ಲಿ ಗಂಡಸರು ಚಟ್ಟ ಕಟ್ಟಿ ಮುಗಿಸುವುದು, ಹನ್ನೊಂದಕ್ಕೆ ಅಂಬಾಝರಿ ಘಾಟಿನ ಸ್ಮಶಾನದ ಕಡೆ ಹೊರಡುವುದು. ಬೇಬಿ ಅತ್ಯಾ ನಸುಕಿನಲ್ಲೇ ಹಾಕಿಕೊಟ್ಟ ಈ ಕ್ರಮದಲ್ಲಿ ಮೊದಲೆರಡು ಕೆಲಸಗಳು ಮುಗಿದಿದ್ದವು. ವತ್ಸಲಾ ದೇವರ ಕೋಣೆಯ ಹೊಸ್ತಿಲಿನ ಈಚೆ ಮೊಣಕಾಲೂರಿ, ಟಾರ್ಚಿನ ಬೆಳಕನ್ನು ಗೂಡಿನ ಎಡದಿಂದ ಬಲಕ್ಕೆ, ಮೇಲಿನ ಹಲಗೆಯಿಂದ ಕೆಳಗಿನ ಹಲಗೆಗೆ ಸರಿಸುತ್ತಿದ್ದಳು. ಸೂತಕದಲ್ಲಿ ಒಳಗೆ ಕಾಲಿಡುವಂತಿರಲಿಲ್ಲ, ದೇವರನ್ನು ಮುಟ್ಟುವಂತಿರಲಿಲ್ಲ. ನೋಡಬಾರದೆಂದು ಯಾರೂ ಹೇಳಿರಲಿಲ್ಲ. ಗಂಟೆ, ಏಕಾರತಿ, ನೀಲಾಂಜನ, ಗಂಧದ ಕಲ್ಲು ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ಶಂಖದ ಪಕ್ಕದಲ್ಲಿ, ನಿನ್ನೆ ಮುಂಜಾನೆ ಅವ್ವ ಇಟ್ಟಿದ್ದ ಜಾಗದಲ್ಲಿ, ಕುಪ್ಪಸದ ಖಣದಲ್ಲಿ ಹೊಲಿದ ಸಂಚಿ ಇರಲಿಲ್ಲ.

"ವತ್ಸೀ, ಏನ್ ಹುಡುಕ್ಲಿಕ್ಕತ್ತೀ ಅಲ್ಲೆ? ಬಾ ಇತ್ಲಾಗ," ಎಂದು ಬೇಬಿ ಅತ್ಯಾ ಪಡಸಾಲೆಯಿಂದ ಕೂಗಿದರು. ವತ್ಸಲಾಳ ಅಪ್ಪ ಕಾಶೀನಾಥನ ಅಕ್ಕನಾದ ಅವರಿಗೆ ಎಪ್ಪತ್ತು ದಾಟಿತ್ತು. ತೊಟ್ಟಿಲಲ್ಲಿ ಅಂಟಿಕೊಂಡ ಹೆಸರು ಮಾತ್ರ ಹಾಗೆಯೇ ಉಳಿದಿತ್ತು. ಗಂಡ ಹೋದ ಮೇಲೆ ತಮ್ಮನ ಮನೆಗೆ ಬಂದು ನಿಂತವರು, ಮುತ್ತೈದೆಯರ ಕೆಲಸ ನಡೆಯುವಾಗ ತಾವಾಗಿಯೇ ಗೋಡೆಗೆ ಸರಿದು ಕೂತು, ಅಲ್ಲಿಂದಲೇ ಎಲ್ಲವನ್ನೂ ನಡೆಸುತ್ತಿದ್ದರು.

ಪಡಸಾಲೆಯ ನಡುವೆ, ದಕ್ಷಿಣಕ್ಕೆ ತಲೆ ಮಾಡಿ, ವತ್ಸಲಾಳ ಅವ್ವ ತುಂಗಾ ಹಸಿರು ಸೀರೆಯಲ್ಲಿ ಮಲಗಿದ್ದಳು. ಹಣೆಯ ಮೇಲೆ ಕಾಸಿನಗಲ ಕುಂಕುಮ, ಗಲ್ಲಕ್ಕೆ ಅರಿಷಿಣ, ಕೈತುಂಬ ಬಳೆ. ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ವೀಳ್ಯ ತುಂಬಿ ಗಂಟು ಹಾಕಿದ ಉಡಿ ಹೊಟ್ಟೆಯ ಮೇಲೆ ಉಬ್ಬಿಕೊಂಡಿತ್ತು. ನಿನ್ನೆ ಸಂಜೆ ಒಣಗಿದ ಬಟ್ಟೆ ಮಡಿಚುತ್ತ ಕೂತವಳು, ಎದೆ ಹಿಡಿದಂತಾಗುತ್ತದೆ ಎಂದು ಹೇಳಿ, ಡಾಕ್ಟರು ಮೆಟ್ಟಿಲು ಹತ್ತುವ ಮೊದಲೇ ಹೋಗಿಬಿಟ್ಟಿದ್ದಳು.

ಪಕ್ಕದ ಮನೆಯ ಕುಂದಾತಾಯಿ ಅರಿಷಿಣದ ಕೈ ತೊಳೆದು ಬರುತ್ತಿದ್ದರು. ವತ್ಸಲಾ ಅವರನ್ನು ತಡೆದು ಕೇಳಿದಳು. "ಕಾಕೂ, ದೇವರ ಹತ್ರ ಒಂದು ಖಣದ್ದು ಸಂಚಿ ಇತ್ತು. ಸಣ್ಣದು, ಕೆಂಪು ಅಂಚು. ನೀವು ನೋಡಿದ್ರೇನು?"

ಇಪ್ಪತ್ತು ವರ್ಷ ಕನ್ನಡದವರ ಗೋಡೆಗೆ ಗೋಡೆ ಹಚ್ಚಿ ಬದುಕಿದ ಕುಂದಾತಾಯಿಗೆ ಎರಡೂ ಭಾಷೆ ಒಂದೇ ಉಸಿರಿನಲ್ಲಿ ಬರುತ್ತಿದ್ದವು. "ತೊ ಖಣ? ಓಟೀತ್ ಘಾತಲಾ ನಾ, ಉಡಿಯೊಳಗ ಹಾಕಿದೆ. ಅತ್ಯಾಬಾಯಿನೇ ಹೇಳಿದ್ರು, ದೇವರ ಮುಂದ ಖಣ ತಗದಿಟ್ಟಾಳ, ಅದನ್ನ ಹಾಕು ಅಂತ. ಜರಾ ಜಡ ಇತ್ತು. ಒಳಗ ಅರಿಷಿಣ ಕೊಂಬು, ಅಡಕಿ ಇರಬೇಕು ಅಂತ ತಿಳಕೊಂಡೆ. ಯಾಕ?"

ವತ್ಸಲಾ ಉಡಿಯ ಗಂಟನ್ನು ನೋಡಿದಳು. ಸಂಚಿಯೊಳಗೆ ಇದ್ದದ್ದು ಅಡಕೆಯಲ್ಲ, ಜೇಬಿನ ಗಡಿಯಾರ. ಅದು ತಮ್ಮ ಮನೆಯದೂ ಅಲ್ಲ; ವಾಯುಸೇನಾ ನಗರದಲ್ಲಿರುವ ಅವ್ವನ ಗೆಳತಿ ದೇಚಮ್ಮ ಮಾವಶಿಯದು. ಏಳು ವರ್ಷಗಳಿಂದ ಅವ್ವ ಅದರ ಬೆನ್ನು ಹತ್ತಿ ತಿರುಗಿ, ಕಳೆದ ವಾರವಷ್ಟೇ ಅದು ಸರಿಯಾಗಿ ನಡೆಯತೊಡಗಿತ್ತು. ಇವತ್ತು ಮುಂಜಾನೆ ಅವ್ವ ಹೋಗಿ ಅದನ್ನು ಕೊಟ್ಟು ಬರುವವಳಿದ್ದಳು. ಯಾಕೆಂದರೆ ದೇಚಮ್ಮ ಮನೆ ಖಾಲಿ ಮಾಡಿ, ಮಗ ಉತ್ತಪ್ಪನ ಜೊತೆಗೆ ಇವತ್ತು ಸಂಜೆಯ ಮದ್ರಾಸ್ ಗಾಡಿಗೆ ಕೊಡಗಿಗೆ ಹೊರಟಿದ್ದರು. ತಿರುಗಿ ಬರುವ ಮಾತಿರಲಿಲ್ಲ.

ಅಂಗಳದಲ್ಲಿ ಬಿದಿರು ಸೀಳುವ ಸದ್ದು ನಿಂತಿತು. ಹಗ್ಗ ಬಿಗಿಯುತ್ತಿದ್ದರು.

*

ವತ್ಸಲಾ ಹುಟ್ಟಿದ ವರ್ಷ ಕಾಶೀನಾಥ ಮತ್ತು ತುಂಗಾ ಬಜಾಜ್ ನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಕಾಶೀನಾಥನಿಗೆ ಕೇಂದ್ರ ಸರಕಾರದ ಲೆಕ್ಕ ತಪಾಸಣೆಯ ಕೆಲಸ. ತಿಂಗಳಲ್ಲಿ ಹದಿನೈದು ದಿನ ಪ್ರವಾಸ. ಧಾರವಾಡದಿಂದ ನೇರವಾಗಿ ಇಲ್ಲಿಗೆ ಬಂದಿಳಿದ ತುಂಗಾಳಿಗೆ ಮರಾಠಿಯಲ್ಲಿ ತರಕಾರಿಯ ಹೆಸರುಗಳಷ್ಟೇ ಬರುತ್ತಿದ್ದವು. ಗೋಡೆಯಾಚೆಯ ಮನೆಯಲ್ಲಿ ವಾಯುಸೇನೆಯ ಅಪ್ಪಚ್ಚು ಮತ್ತು ಅವನ ಹೆಂಡತಿ ದೇಚಮ್ಮ ಇದ್ದರು. ಕೂಸು ಒಳಗೆ ಅತ್ತರೆ ದೇಚಮ್ಮ ಹಿತ್ತಲ ಗೋಡೆಯ ಮೇಲಿಂದ ತಲೆ ಎತ್ತಿ, "ಹಾಲು ಸಾಲ್ತಾ ಇಲ್ವಾ ತುಂಗ?" ಎಂದು ಕೇಳುತ್ತಿದ್ದಳು. ಆ ಒಂದು ಕನ್ನಡದ ಮಾತಿಗಾಗಿ ಕೆಲವು ಸಲ ತಾನೇ ಕೂಸನ್ನು ಚಿವುಟಿದರೆ ಹೇಗೆ ಎಂದು ಅನ್ನಿಸುತ್ತಿತ್ತೆಂದು ತುಂಗಾ ಮುಂದೆ ನಗುತ್ತ ಹೇಳಿಕೊಂಡಿದ್ದುಂಟು.

ಆ ಮಳೆಗಾಲದಲ್ಲಿ ತುಂಗಾಳಿಗೆ ವಿಷಮಜ್ವರ ಬಂತು. ಆಸ್ಪತ್ರೆಗೆ ಸೇರಿಸಿದಾಗ ಕಾಶೀನಾಥ ಪ್ರವಾಸದಲ್ಲಿದ್ದ. ತಾಯಿಯ ಹಾಲು ಕೊಡಬಾರದೆಂದು ಡಾಕ್ಟರು ಹೇಳಿದರು. ಮೂರು ತಿಂಗಳ ವತ್ಸಲಾಳನ್ನು ದೇಚಮ್ಮ ಎದೆಗವಚಿಕೊಂಡು ತನ್ನ ಮನೆಗೆ ಒಯ್ದಳು. ತುಂಗಾ ಎದ್ದು ಕೂರುವವರೆಗೆ ಇಟ್ಟುಕೊಂಡಳು. ತುಂಗಾ ಮನೆಗೆ ಬಂದಾಗ ದೇಚಮ್ಮ ಕೂಸಿನ ಜೊತೆಗೆ ಹೊಸ ಹಿತ್ತಾಳೆಯ ಪಾತೇಲಿಯೊಂದನ್ನೂ ತಂದು ಕೊಟ್ಟಳು.

"ಇದು ಯಾತಕ್ಕ?"

"ಅವಳದ್ದೇ. ಅವಳ ಹಾಲಿಗೆ ಅಂತಲೇ ತಂದಿದ್ದು. ನಮ್ಮ ಮನೇಲಿ ಮಾಂಸ ಮಾಡ್ತೀವಲ್ಲ, ಆ ಪಾತ್ರೆ ಇದಕ್ಕೆ ಮುಟ್ಟಿಸಿಲ್ಲ. ನಿಮ್ಮ ಅತ್ತೆ ಕೇಳಿದ್ರೆ ಹೇಳೋಕಾಗುತ್ತಲ್ಲ."

ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ತುಂಗಾ ಆ ಪಾತೇಲಿಯಲ್ಲಿ ಮುಂದೆ ಪ್ರತಿದಿನ ಹಾಲು ಕಾಸಿದಳು. ತಳ ಸವೆದಾಗ ಕಲಾಯಿ ಹಾಕಿಸಿದಳು, ಕಿವಿ ಮುರಿದಾಗ ಬೆಸುಗೆ ಹಾಕಿಸಿದಳು, ಮನೆ ಬದಲಿಸಿ ಲಕ್ಷ್ಮೀ ನಗರಕ್ಕೆ ಬಂದಾಗ ಅದನ್ನು ಬೇರೆ ಪಾತ್ರೆಗಳ ಜೊತೆಗೆ ಕಟ್ಟದೆ ರಿಕ್ಷಾದಲ್ಲಿ ತನ್ನ ತೊಡೆಯ ಮೇಲಿಟ್ಟುಕೊಂಡು ತಂದಳು.

ವತ್ಸಲಾ ಕಾಲೇಜು ಸೇರಿದ ವರ್ಷ ಅಪ್ಪಚ್ಚು ವಾಯುಸೇನಾ ನಗರದ ತನ್ನ ಮನೆಯ ಮೆಟ್ಟಿಲ ಮೇಲೆ ಕುಸಿದು ಸತ್ತ. ಅವನ ಎದೆಯ ಜೇಬಿನಲ್ಲಿದ್ದ ಗಡಿಯಾರ ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ಬಿತ್ತು. ಅದು ಅವನ ತಾತನದು. ಬೆಳ್ಳಿಯ ಮುಚ್ಚಳ, ನೀಲಿಯುಕ್ಕಿನ ಮುಳ್ಳು, ಹಾಲಿನ ಬಣ್ಣದ ಮುಖ. ಮಾತಾಡಿಸಲು ಹೋದ ತುಂಗಾಳಿಗೆ ದೇಚಮ್ಮ ಅದನ್ನು ತೋರಿಸಿದಳು. ಗಾಜಿಲ್ಲ, ನಿಮಿಷದ ಮುಳ್ಳಿಲ್ಲ. ಕಿವಿಗೆ ಹಿಡಿದರೆ ಒಳಗೆ ಏನೋ ಸಡಿಲವಾಗಿ ಕುಲುಕುವ ಸದ್ದು.

"ಕೊಡು ಇಲ್ಲೆ," ಎಂದಳು ತುಂಗಾ.

"ನಡೀದಿದ್ರೂ ಪರವಾಗಿಲ್ಲ ತುಂಗ. ಅವರದ್ದು ಅಂತ ಇರ್ಲಿ."

"ನಡೀತದ. ನಡಸ್ತೀನಿ. ನಡಿಯೂ ಹಂಗ ಮಾಡಿ, ನನ್ನ ಕೈಲೇ ನಿನ್ನ ಕೈಯಾಗ ಇಡ್ತೀನಿ. ಅಲ್ಲೀತನಕ ಕೇಳಬ್ಯಾಡ."

ಆಮೇಲೆ ದೇಚಮ್ಮ ಎಂದೂ ಕೇಳಲಿಲ್ಲ.

*

"ಉಡಿಯೊಳಗಿಂದ ತೆಗೀಲಿಕ್ಕೆ ಬರೂದಿಲ್ಲ," ಎಂದರು ಬೇಬಿ ಅತ್ಯಾ. ವತ್ಸಲಾ ಅವರ ಪಕ್ಕದಲ್ಲಿ ಕುಳಿತು ವಿಷಯವನ್ನು ಸಣ್ಣ ದನಿಯಲ್ಲಿ, ಒಂದಾದ ಮೇಲೊಂದರಂತೆ ಹೇಳಿ ಮುಗಿಸಿದ್ದಳು. "ಮುತ್ತೈದಿ ಉಡಿ ಅದು. ಕಟ್ಟಿದ ಗಂಟು ಬಿಚ್ಚಬಾರದು."

"ಅತ್ಯಾ, ಅದು ಸುಟ್ಟು ಹೋಗ್ತದ."

"ನಂಗ ಗೊತ್ತಿತ್ತೇನು ಅದರಾಗ ಗಡಿಯಾರ ಅದ ಅಂತ? ಖಣಾ ಹೊಲದು ಗಡಿಯಾರಕ್ಕ ಕುಬಸ ತೊಡಿಸ್ತಾರ ಅಂತ ಯಾರು ತಿಳಕೋಬೇಕು?" ಅತ್ಯಾ ದನಿ ಏರಿಸಿದವರು ಮಲಗಿದವಳ ಕಡೆ ನೋಡಿ ತಗ್ಗಿಸಿದರು. "ಮತ್ತ ತಗದು ಮಾಡೂದೇನು? ಸೂತಕದಾಗ ನಮ್ಮ ಮನಿಂದ ಯಾರಿಗೂ ಏನೂ ಕೊಡಬಾರದು. ಕೊಟ್ಟವರಿಗೂ ಛಲೋ ಅಲ್ಲ, ತಗೊಂಡವರಿಗೂ ಛಲೋ ಅಲ್ಲ. ಹತ್ತು ದಿನಾ ತಡಿ, ಪಾರ್ಸಲ್ ಮಾಡು."

"ಉಡಿಯೊಳಗಿಂದ ತಗದ್ರ ಅಲ್ಲೇನು ಪಾರ್ಸಲ್ ಮಾಡೂದು?"

ತಮ್ಮದು ತಪ್ಪಾಯಿತೆಂದು ಅತ್ಯಾನಿಗೆ ತಿಳಿದಿತ್ತು; ಅದನ್ನು ಸರಿಪಡಿಸುವ ನಿಯಮ ಅವರಿಗೆ ತಿಳಿದಿರಲಿಲ್ಲ. ಅವರು ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕೂತರು.

ವತ್ಸಲಾಳ ಚಿಂತೆ ಬೆಂಕಿಯದಷ್ಟೇ ಅಲ್ಲ. ಉಡಿಯಲ್ಲಿ ಗಡಿಯಾರದ ಸುತ್ತ ಇದ್ದದ್ದು ಅಕ್ಕಿ, ಅರಿಷಿಣ ಮತ್ತು ಮುಷ್ಟಿಗಟ್ಟಲೆ ಕುಂಕುಮ. ಈ ಗಡಿಯಾರಕ್ಕೆ ಕುಂಕುಮ ಏನು ಮಾಡಬಲ್ಲುದೆಂದು ಆ ಮನೆಯಲ್ಲಿ ಅವ್ವನ ನಂತರ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಗೇಟಿನ ಹತ್ತಿರ ಆಟೋ ನಿಂತಿತು. ದೇಚಮ್ಮ ಇಳಿದಳು, ಬಿಳಿಯ ಸೀರೆ, ತಲೆಗೆ ಕಟ್ಟಿದ ಬಿಳಿಯ ವಸ್ತ್ರ. ಕೊಡವರು ಸಾವಿನ ಮನೆಗೆ ಬರುವುದು ಬಿಳಿಯಲ್ಲಿ. ಹಿಂದೆ ಉತ್ತಪ್ಪ. ಅವಳು ಮೆಟ್ಟಿಲವರೆಗೆ ಬಂದವಳು ಒಳಗೆ ಮುತ್ತೈದೆಯರ ಗುಂಪನ್ನೂ, ಹಸಿರು ಸೀರೆಯನ್ನೂ, ಉಡಿಯನ್ನೂ ನೋಡಿ ಬಾಗಿಲ ಚೌಕಟ್ಟಿನ ಹೊರಗೇ ನಿಂತಳು. ಇಷ್ಟು ವರ್ಷಗಳಲ್ಲಿ ಈ ಮನೆಯವರ ರೀತಿ ಅವಳಿಗೆ ತಿಳಿದಿತ್ತು.

"ಒಳಗ ಬರ್ರಿ ದೇಚಮ್ಮಾ," ಎಂದ ಕಾಶೀನಾಥ. ಒದ್ದೆ ಪಂಚೆಯಲ್ಲಿ, ಕೈಯಲ್ಲಿ ದರ್ಭೆ ಹಿಡಿದು ಅಂಗಳದಲ್ಲಿ ನಿಂತಿದ್ದ.

"ಇಲ್ಲೇ ಸಾಕು. ಮುಖ ಕಾಣ್ತದೆ." ಸ್ವಲ್ಪ ಹೊತ್ತು ನೋಡಿ ಮತ್ತೆ ಹೇಳಿದಳು: "ಬೆಳಿಗ್ಗೆ ಊಟ ತಗೊಂಡು ಬರ್ತೀನಿ ಅಂದಿದ್ಲು. ಗಾಡಿಗೆ ಬುತ್ತಿ. ನಾನು ಒಲೆ ಹಚ್ಚಿರಲಿಲ್ಲ."

ಅವಳ ಹಿಂದೆ ಇನ್ನೊಬ್ಬರು ಚಪ್ಪಲಿ ಬಿಟ್ಟು ಬಂದರು. ಕರಿ ಟೋಪಿ, ಅಂಗಿಯ ಜೇಬಿನಿಂದ ಇಣುಕುವ ಭೂತಗಾಜು. ಸೀತಾಬರ್ಡಿಯ ಗಡಿಯಾರ ರಿಪೇರಿಯ ಢೋಬಳೆ. ಅಂಗಡಿಗೆ ಬೀಗ ಹಾಕಿ ಬಂದಿದ್ದರು.

*

ಸೀತಾಬರ್ಡಿಯಲ್ಲಿ ಬಟ್ಟೆಯಂಗಡಿಗಳ ಸಾಲಿನಲ್ಲಿ ಒಂದು ಜಿನ್ನದ, ಅಂದರೆ ಮಹಡಿ ಮೆಟ್ಟಿಲಿನ, ಕೆಳಗೆ ಢೋಬಳೆಯವರ ಅಂಗಡಿ. ಒಬ್ಬರು ಕೂರಬಹುದು, ಒಬ್ಬರು ನಿಲ್ಲಬಹುದು. ಅದಕ್ಕಿಂತ ಮೊದಲು ಹೋದ ದೊಡ್ಡ ಅಂಗಡಿಗಳಲ್ಲೆಲ್ಲ ತುಂಗಾಳಿಗೆ ಸಿಕ್ಕ ಉತ್ತರ ಒಂದೇ: ಬಾಯಿ, ಹೊಸದು ತೊಗೊಳ್ಳಿ. ಢೋಬಳೆ ಮಾತ್ರ ಗಡಿಯಾರದ ಬೆನ್ನು ತೆರೆದು ಬಹಳ ಹೊತ್ತು ನೋಡಿದರು. ಅತ್ತಿತ್ತ ತೂಗುವ ಚಕ್ರದ ಅಚ್ಚು ಮುರಿದಿದೆ, ಗಡಿಯಾರ ಬಿದ್ದರೆ ಮೊದಲು ಹೋಗುವುದು ಅದೇ, ಉಳಿದದ್ದೆಲ್ಲ ಸರಿಯಾಗಿದೆ ಎಂದರು. ಅಚ್ಚು ಎಲ್ಲಿ ಸಿಗುತ್ತದೆ ಎಂದು ತುಂಗಾ ಕೇಳಿದಳು. ಎಲ್ಲಿಯೂ ಸಿಗುವುದಿಲ್ಲ ಎಂದು ಅವರು ಹೇಳಿದರು. ಹಾಗಾದರೆ ಎಲ್ಲಿ ಹುಡುಕಲಿ ಎಂದು ಅವಳು ಮತ್ತೆ ಕೇಳಿದಳು.

ಅಲ್ಲಿಂದ ತುಂಗಾಳ ಎರಡನೆಯ ಸಂಸಾರ ಸುರುವಾಯಿತು. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಇತ್ವಾರಿಯ ಹಳೇ ಸಾಮಾನಿನ ಓಣಿಗಳಿಗೆ ಹೋದಳು. ಕಾಮ್ಟಿಯ ದಂಡಿನ ಬಜಾರಿಗೆ ಬಸ್ಸಿನಲ್ಲಿ ಹೋಗಿ, ಅಂಗಡಿಯವನೊಡನೆ ಜಗಳಾಡುತ್ತಾಡುತ್ತ ಮರಾಠಿ ಕಲಿತಳು, ಅವನ ಹೆಂಡತಿಗೆ ಹೋಳಿಗೆ ಮಾಡುವುದನ್ನು ಕಲಿಸಿ ಬಂದಳು. ಪುಣೆಗೆ ಹೊರಟವರಿಗೆ ಮುಳ್ಳು ತರಲು, ಹೈದರಾಬಾದಿಗೆ ಹೊರಟವರಿಗೆ ಗಾಜು ತರಲು ಹೇಳಿದಳು. ಧಾರವಾಡದ ಅವಳ ತಮ್ಮ ಗೋವಿಂದ ಮದುವೆಯ ಕರೆಯೋಲೆ ಹಿಡಿದು ಬಂದರೆ, ನೀರು ಕೊಡುವ ಮೊದಲು, "ಹುಬ್ಬಳ್ಳಿಯೊಳಗ ಕೇಳಿದೇನು?" ಎಂದಳು.

ಕಾಶೀನಾಥ ಗೊಣಗುತ್ತಿದ್ದ. "ಮಂದಿ ಗಡಿಯಾರಕ್ಕ ಇಷ್ಟು ತಿರುಗ್ತಾಳ, ನನ್ನ ಅಂಗಿ ಗುಂಡಿ ಹಚ್ಚಲಿಕ್ಕೆ ಟೈಮ್ ಇಲ್ಲ." ಆದರೆ ಜಬಲಪುರದ ಪ್ರವಾಸದಿಂದ ಬಂದ ಒಂದು ದಿನ ಸೂಟ್‌ಕೇಸಿನಿಂದ ಬೆಂಕಿಪೊಟ್ಟಣ ತೆಗೆದು ಅವಳ ಮುಂದಿಟ್ಟ. ಒಳಗೆ ಹತ್ತಿಯ ಮೇಲೆ ಒಂದು ನೀಲಿ ಮುಳ್ಳು. "ಅಳತೆ ಬರೋಬರ್ ಅದನೋ ಇಲ್ಲೋ ನೋಡು. ಇಲ್ಲಂದ್ರ ಇನ್ನೊಮ್ಮೆ ಹೋಗೂದದ," ಎಂದು ಹೇಳಿ ಕೈಕಾಲು ತೊಳೆಯಲು ಹೋದ. ಅಳತೆ ಸರಿಯಿತ್ತು.

ಗಾಜು ಸಿಕ್ಕುವ ಮೊದಲೇ ಅಚ್ಚು ಸಿಕ್ಕಿತು. ಹೈದರಾಬಾದಿನ ರಿಪೇರಿಯವನೊಬ್ಬ ಕೆಟ್ಟುನಿಂತ ಅದೇ ಜಾತಿಯ ಗಡಿಯಾರವೊಂದನ್ನು ಬಿಚ್ಚಿ ಕಳಿಸಿದ್ದ. ಢೋಬಳೆ ಕೂರಿಸಿದರು, ಗಡಿಯಾರ ನಡೆಯಿತು. ಗಾಜು ಬರುವವರೆಗೆ ಹೀಗೇ ಇರಲಿ, ಗಾಳಿ ಧೂಳು ತಾಗದಂತೆ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು. ಅದು ದಸರೆಯ ಹಿಂದಿನ ವಾರ.

ಖಂಡೇನವಮಿಯ ದಿನ ತುಂಗಾ ಮನೆಯ ಹತ್ಯಾರಗಳನ್ನೆಲ್ಲ ಪೂಜೆಗೆ ಇಟ್ಟಳು. ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ, ಕಾಶೀನಾಥನ ಪೆನ್ನು, ವತ್ಸಲಾಳ ಪ್ರಯೋಗಾಲಯದ ಚಿಮಟ. ಕೊನೆಯಲ್ಲಿ ಗಡಿಯಾರ. ಎಲ್ಲಕ್ಕೂ ಹಚ್ಚಿದಂತೆ ಅದರ ಗಾಜಿಲ್ಲದ ಮುಖಕ್ಕೂ ಅರಿಷಿಣ ಕುಂಕುಮ ಹಚ್ಚಿದಳು. ಇಷ್ಟು ವರ್ಷ ಕಾಡಿದ್ದಕ್ಕೆ ಸ್ವಲ್ಪ ಹೆಚ್ಚೇ ಹಚ್ಚಿದಳು. ಮರುದಿನ ಗಡಿಯಾರ ನಿಂತಿತ್ತು.

ಢೋಬಳೆ ಭೂತಗಾಜಿನಲ್ಲಿ ನೋಡಿ, ತಲೆಯೆತ್ತಿ, ಜೊತೆಗೆ ಬಂದಿದ್ದ ವತ್ಸಲಾಳನ್ನೂ ತುಂಗಾಳನ್ನೂ ಸರತಿಯಂತೆ ನೋಡಿದರು. "ವಹಿನೀ, ಘಡ್ಯಾಳಾಲಾ ಕುಂಕೂ ಕುಣೀ ಲಾವಲಂ?" ಕುಂಕುಮ ಯಾರು ಹಚ್ಚಿದರೆಂದು ಕೇಳುವಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಒಳಗೆ ಕಂಡದ್ದರ ಮೇಲೆ ನಂಬಿಕೆಯಿರಲಿಲ್ಲ. ಮುಖದ ನಡುವಿನ ರಂಧ್ರದಿಂದ ಇಳಿದ ಪುಡಿ ಎಣ್ಣೆಯಲ್ಲಿ ಕಲಸಿ ರಾಡಿಯಾಗಿ, ಅಚ್ಚಿನ ಕೂದಲಿನಂಥ ತುದಿಯನ್ನು ಅರೆದುಹಾಕಿತ್ತು.

ತುಂಗಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಜಿನ್ನದ ಮೇಲೆ ಜನ ಹತ್ತಿ ಇಳಿಯುತ್ತಿದ್ದರು. ಕೊನೆಗೆ ಹೇಳಿದಳು: "ಹತ್ಯಾರದ ಪೂಜಾ ಅಲ್ಲೇನ್ರಿ. ನೀವು ಹಚ್ಚೂದಿಲ್ಲೇನು ನಿಮ್ಮ ಚಿಮಟಿಗೆ?"

"ಹಚ್ಚುತ್ತೇನೆ," ಎಂದರು ಢೋಬಳೆ ಮರಾಠಿಯಲ್ಲಿ. "ಹಿಡಿಗೆ ಹಚ್ಚುತ್ತೇನೆ ವಹಿನಿ. ತುದಿಗೆ ಹಚ್ಚುವುದಿಲ್ಲ."

ಮೊದಲು ನಕ್ಕವಳು ತುಂಗಾ. ಮನೆಗೆ ಬಂದು ಆಮೇಲೆ ಅತ್ತಳು.

ಗಾಜು ಬಂತು; ಎರಡನೆಯ ಅಚ್ಚು ಮಾತ್ರ ಸಿಗಲೇ ಇಲ್ಲ. ವರ್ಷವೊಂದು ಹೋಯಿತು. ಕೊನೆಗೆ ಢೋಬಳೆಯವರೇ, ಒಳ್ಳೆಯ ಉಕ್ಕು ಸಿಕ್ಕರೆ ಕಡೆದು ನೋಡುತ್ತೇನೆ, ತಮ್ಮ ಗುರುಗಳು ಕಡೆಯುತ್ತಿದ್ದರು, ತಾವು ಬಿಟ್ಟು ಬಹಳ ದಿನವಾಯಿತು ಎಂದರು. ತುಂಗಾ ಮನೆಗೆ ಬಂದು, ಚೀಲ ಹೊಲಿಯುವ ತನ್ನ ದಬ್ಬಣವನ್ನು ಒಯ್ದು ಕೊಟ್ಟಳು. ಅದು ಧಾರವಾಡದಿಂದ ತಂದದ್ದು, ಎಂದೂ ಬಾಗದ್ದು. ಮುರಿದ ಅಚ್ಚಿನ ತುಂಡುಗಳನ್ನು ವತ್ಸಲಾ ತಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಒಯ್ದು, ಸ್ಕ್ರೂ ಗೇಜಿನಿಂದ ಅಳೆದು, ಪ್ರತಿಯೊಂದನ್ನು ಮತ್ತೆ ಅಳೆದು, ಸರಾಸರಿ ತೆಗೆದು ಕೊಟ್ಟಳು. ಢೋಬಳೆ ಕಮಾನು ಎಳೆದು ತಿರುಗಿಸುವ ಸಣ್ಣ ಲೇತಿನ ಮೇಲೆ ಕಡೆದರು. ಹಲವು ಸಲ ತುದಿ ಮುರಿಯಿತು. ದಬ್ಬಣ ಮುಗಿಯುತ್ತ ಬಂದಾಗ ಒಂದು ಉಳಿಯಿತು.

ಗಡಿಯಾರ ಎರಡನೆಯ ಸಲ ನಡೆಯತೊಡಗಿದ ದಿನ ತುಂಗಾ ತನ್ನ ಪೆಟ್ಟಿಗೆಯಲ್ಲಿದ್ದ ಗುಳೇದಗುಡ್ಡದ ಖಣ ಕತ್ತರಿಸಿ, ಒಳಗೆ ಮೆತ್ತನೆಯ ಅಸ್ತರಿ ಕೊಟ್ಟು, ಬಾಯಿಗೆ ಎರಡು ಲಾಡಿ ಹಚ್ಚಿ ಸಂಚಿ ಹೊಲಿದಳು. ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಕಿದಳು. "ಪುಡಿ ಒಳಗ ಹೋಗಬಾರದು," ಎಂದು ವತ್ಸಲಾಳಿಗೆ ತೋರಿಸಿದಳು. ಪ್ರತಿ ಮುಂಜಾನೆ ಪೂಜೆ ಮುಗಿಸಿ, ಕೈಯ ಕುಂಕುಮವನ್ನು ತೊಳೆದು, ಒರೆಸಿ, ಆಮೇಲೆ ಸಂಚಿಯಿಂದ ಗಡಿಯಾರ ತೆಗೆದು ಚಾವಿ ಕೊಡುತ್ತಿದ್ದಳು. ನಿನ್ನೆಯೂ ಕೊಟ್ಟಿದ್ದಳು.

*

"ಅಕ್ಕಾ, ಏನದು?" ಎಂದು ಕಾಶೀನಾಥ ಅಂಗಳದಿಂದಲೇ ಕೇಳಿದ. ಅಕ್ಕನ ಮುಖವನ್ನೂ ಮಗಳ ಮುಖವನ್ನೂ ಅವನು ಗಮನಿಸಿದ್ದ.

ವತ್ಸಲಾ ಮೆಟ್ಟಿಲಿಗೆ ಬಂದು ಹೇಳಿದಳು. ಬಾಗಿಲಲ್ಲಿ ನಿಂತ ದೇಚಮ್ಮನಿಗೂ ಅದು ಕೇಳಿಸಿತು.

"ಬಿಡು ವತ್ಸಲ," ಎಂದಳು ದೇಚಮ್ಮ ಕೂಡಲೇ. "ಅವಳ ಜೊತೆಗೇ ಹೋಗ್ಲಿ. ನಾನು ಅದನ್ನು ನೋಡಿ ಎಷ್ಟು ವರ್ಷ ಆಯ್ತು. ಅವಳೇ ಅಲ್ವಾ ನೋಡಿಕೊಂಡಿದ್ದು."

ಆ ಮಾತಿನಲ್ಲಿ ಮುನಿಸಿನ ಲೇಶವೂ ಇರಲಿಲ್ಲ. ಅದರಿಂದಲೇ ವತ್ಸಲಾಳಿಗೆ ಅದನ್ನು ಒಪ್ಪಲಾಗಲಿಲ್ಲ. "ಇಲ್ಲ ಮಾವಶಿ. ಅವ್ವ ಮಾತು ಕೊಟ್ಟಾಳ."

ಕಾಶೀನಾಥ ದರ್ಭೆಯನ್ನು ಇನ್ನೊಂದು ಕೈಗೆ ದಾಟಿಸಿಕೊಂಡ. ಜೀವಮಾನವೆಲ್ಲ ನಿಯಮಕ್ಕೆ ಸರಿಯಾಗಿ ಅಂಕೆಗಳನ್ನು ಜೋಡಿಸಿದ ಮನುಷ್ಯ; ಅಕ್ಕನ ಮಾತನ್ನು ಮೀರಿದವನಲ್ಲ. ಅವನು ಮೀರಲಿಲ್ಲ, ಹೇಳಿದ ಅಷ್ಟೆ.

"ಅಕ್ಕಾ, ಹಾಲಿನ ಪಾತೇಲಿ ಅದ ಅಲ್ಲ, ಹಿತ್ತಾಳಿದು, ನೀ ದಿನಾ ಚಹಾಕ್ಕ ಹಾಲು ಕಾಸ್ತೀ. ಅದನ್ನ ಇವರ ತಂದಿದ್ದು. ತುಂಗಾ ದವಾಖಾನ್ಯಾಗ ಇದ್ದಾಗ 'ಬ್ರಾಹ್ಮಣರ ಕೂಸು, ನಮ್ಮ ಪಾತ್ರಿ ಮುಟ್ಟಬಾರದು' ಅಂತ ಬ್ಯಾರೆ ತಂದಿಟ್ಟು ವತ್ಸಿಗೆ ಹಾಲು ಕುಡಿಸ್ಯಾರ. ನಾವು ಕೇಳಿದ್ದಿಲ್ಲ."

ಅತ್ಯಾ ಬಾಗಿಲ ಕಡೆ ತಿರುಗಿದರು. ಅವರು ದೇಚಮ್ಮನನ್ನು ಎಷ್ಟೋ ಸಲ ಈ ಮನೆಯಲ್ಲಿ ಕಂಡಿದ್ದರು. ಚಹಾದ ಲೋಟವನ್ನು ಅವಳ ಮುಂದೆ ನೆಲದ ಮೇಲಿಟ್ಟಿದ್ದರೇ ಹೊರತು ಕೈಗೆ ಕೊಟ್ಟಿರಲಿಲ್ಲ. ಆ ಚಹಾದ ಹಾಲು ಯಾವ ಪಾತ್ರೆಯಲ್ಲಿ ಕಾಯುತ್ತಿತ್ತೆಂದು ದೇಚಮ್ಮನಿಗೆ ಗೊತ್ತಿತ್ತು, ಅತ್ಯಾನಿಗೆ ಗೊತ್ತಿರಲಿಲ್ಲ.

"ಯಾರ್ದು ಆ ಗಡಿಯಾರ?" ಎಂದು ಅತ್ಯಾ ಕೇಳಿದರು, ಉತ್ತರ ತಿಳಿದೇ ಕೇಳಿದರು.

"ಮಾವಶೀದು."

"ಅಂದ್ರ ನಮ್ಮ ಮನೀದಲ್ಲ."

"ಅಲ್ಲ."

"ಹಂಗಾರ ನಮ್ಮ ಸೂತಕ ಅದಕ್ಕ ಇಲ್ಲ." ಅತ್ಯಾ ಗೋಡೆಯನ್ನು ಹಿಡಿದು ಎದ್ದರು. "ಮತ್ತ ಮಂದಿ ಒಡವಿ ಉಡಿಯೊಳಗ ಕಟಗೊಂಡು ಯಾರೂ ಹೋಗಬಾರದು. ಋಣ ಉಳೀತದ. ಅದನ್ನ ಇಡಿಸಿದ್ದು ನಂದ ತಪ್ಪು. ಗಂಟು ಬಿಚ್ಚೂದೇನೂ ಬ್ಯಾಡ. ಮುತ್ತೈದಿ ಹೊಸ್ತಲಾ ದಾಟೂ ತನಕಾ ಈ ಮನಿ ಯಜಮಾನ್ತಿ. ತನ್ನ ಕೈಲೇ ಬೇಕಾದವರಿಗೆ ಉಡಿ ಪ್ರಸಾದ ಕೊಡಬಹುದು. ಬರ್ರಿ ಒಳಗ."

ಕಡೆಯ ಮಾತು ದೇಚಮ್ಮನಿಗೆ. ಅವಳು ಕದಲಲಿಲ್ಲ. ಮುತ್ತೈದೆಯರ ಕಡೆ, ಅಲ್ಲಿಂದ ತನ್ನ ಬರಿಗೈ ಕಡೆ ನೋಡಿದಳು. ಯಾರೋ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಏನೋ ಅಂದರು.

"ನಾನೂ ನಿಮ್ಹಂಗನ," ಎಂದರು ಬೇಬಿ ಅತ್ಯಾ. "ನಾ ಮುಂಜಾನಿಂದ ದೂರ ಕೂತೀನಿ. ಬರ್ರಿ, ಇಬ್ಬರೂ ಕೂಡೇ ಹೋಗೂಣು."

ಅವರು ಹೋಗಿ ದೇಚಮ್ಮನ ಕೈ ಹಿಡಿದರು. ಕುಂದಾತಾಯಿ ಸರಿದು ದಾರಿ ಮಾಡಿಕೊಟ್ಟರು. ಇಬ್ಬರೂ ತುಂಗಾಳ ಎಡಬಲಕ್ಕೆ ಕುಳಿತರು. ಅತ್ಯಾ ನಾದಿನಿಯಾಗಿ ತುಂಗಾಳನ್ನು ಇಷ್ಟು ವರ್ಷ ತಿದ್ದಿದವರು; ಈಗ ಅವಳ ಬಲಗೈಯನ್ನು ಎತ್ತಿ, ಬಳೆಗಳು ಸದ್ದು ಮಾಡದಂತೆ ಹಿಂದಕ್ಕೆ ಸರಿಸಿ, ಉಡಿಯ ಮಡಿಕೆಯೊಳಗೆ ತೂರಿಸಿದರು. ಅಕ್ಕಿಯೊಳಗೆ ತಡಕಾಡುವಾಗ ಎರಡು ಕೈಗಳಲ್ಲಿ ಯಾವುದು ಹುಡುಕುತ್ತಿದೆಯೆಂದು ವತ್ಸಲಾಳಿಗೆ ತಿಳಿಯಲಿಲ್ಲ.

"ಸೆರಗು ಒಡ್ಡರಿ."

ಕೊಡವರ ಉಡುಗೆಯಲ್ಲಿ ಸೆರಗನ್ನು ಭುಜದ ಮೇಲೆ ಬಿಗಿದು ಕಟ್ಟಿರುತ್ತಾರೆ, ಒಡ್ಡಲು ಬರುವುದಿಲ್ಲ. ದೇಚಮ್ಮ ತಲೆಯ ಬಿಳಿಯ ವಸ್ತ್ರವನ್ನು ಬಿಚ್ಚಿ, ಎರಡೂ ಕೈಗಳ ಮೇಲೆ ಹರಡಿ ಹಿಡಿದಳು. ಅವಳ ಕೂದಲು ಪೂರ್ತಿ ಬೆಳ್ಳಗಾಗಿದ್ದುದನ್ನು ವತ್ಸಲಾ ನೋಡಿದ್ದು ಆಗಲೇ. ತುಂಗಾಳ ಕೈ ಹೊರಬಂತು. ಬೆರಳುಗಳ ನಡುವೆ ಖಣದ ಸಂಚಿ, ಅದರ ಜೊತೆಗೆ ಅಂಟಿಕೊಂಡ ನಾಲ್ಕಾರು ಅಕ್ಕಿಕಾಳು. ಬಿಳಿಯ ಬಟ್ಟೆಯ ಮೇಲೆ ಕುಂಕುಮ ಚೆಲ್ಲಿತು.

"ಕೊಟ್ಟೆಯಲ್ಲ ತುಂಗ," ಎಂದಳು ದೇಚಮ್ಮ. "ಅಂದ ಹಾಗೇ ಕೊಟ್ಟೆ."

ಅತ್ಯಾ ತುಂಗಾಳ ಕೈಯನ್ನು ಮೊದಲಿನಂತೆ ಎದೆಯ ಮೇಲಿಟ್ಟರು, ಕೂಡಲೇ ಬಿಡಲಿಲ್ಲ.

ಅಂಗಳದಲ್ಲಿ ಯಾರೋ ಹನ್ನೊಂದಾಯಿತೆಂದು ನೆನಪಿಸಿದರು. ಪುರೋಹಿತರು ಎದ್ದು ನಿಂತರು. ಚಟ್ಟದ ಹತ್ತಿರ ಹೆಗಲು ಕೊಡುವವರು ಸೇರಿದ್ದರು. ವತ್ಸಲಾ ಮಾತ್ರ ಸಂಚಿಯನ್ನೇ ನೋಡುತ್ತಿದ್ದಳು. ಹೊರಗೆ ಅದು ಪೂರ್ತಿ ಕೆಂಪಾಗಿತ್ತು. ಲಾಡಿಯ ಮಡಿಕೆಯಲ್ಲೂ ಪುಡಿ ಕೂತಿತ್ತು. ಅವಳು ತುಟಿ ತೆರೆಯುವ ಮೊದಲೇ ಅಪ್ಪನ ದನಿ ಕೇಳಿಸಿತು.

"ಎರಡು ಮಿನಿಟು ತಡೀರಿ." ಕಾಶೀನಾಥ ಯಾವುದಕ್ಕೂ ತಡೆಯಿರಿ ಎಂದದ್ದನ್ನು ಅವನ ಕಚೇರಿಯವರು ಕೇಳಿರಲಿಲ್ಲ. "ಢೋಬಳೆ ಸಾಹೇಬ್ರ, ಒಮ್ಮೆ ತಗದು ನೋಡಿಬಿಡ್ರಿ. ಈಗ ನೋಡ್ರಿ. ಆಕಿ ಇದ್ದಿದ್ರ ಕೇಳೇ ಹೋಗತಿದ್ಲು."

ಢೋಬಳೆ ಟೋಪಿಯನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದರು. ಬಾಗಿಲಿಂದ ಬೀಳುವ ಡಿಸೆಂಬರಿನ ಬಿಸಿಲಿರುವಲ್ಲಿ, ತುಂಗಾಳ ಪಾದಗಳ ಹತ್ತಿರ, ಚಕ್ಕಳಮಕ್ಕಳ ಹಾಕಿ ಕುಳಿತರು. ವತ್ಸಲಾ ನೀರು ತಂದಳು; ಅವರು ಕೈ ತೊಳೆದು ಪಂಚೆಗೆ ಒರೆಸಿಕೊಂಡರು. ದೇಚಮ್ಮ ಸಂಚಿಯ ಲಾಡಿ ಬಿಚ್ಚಿ, ಹೊರಗಿನ ಪುಡಿ ತಾಗದಂತೆ ಬಾಯಿ ಅಗಲಿಸಿ ಹಿಡಿದಳು. ಅವರು ಎರಡು ಬೆರಳಿನಿಂದ ಗಡಿಯಾರವನ್ನು ಎತ್ತಿಕೊಂಡರು, ಗಾಜನ್ನು ಬಿಸಿಲಿಗೆ ತಿರುಗಿಸಿ ನೋಡಿದರು, ಉಗುರಿನಿಂದ ಹಿಂಬದಿಯ ಮುಚ್ಚಳ ಎಬ್ಬಿಸಿದರು, ಭೂತಗಾಜನ್ನು ಕಣ್ಣಿಗೆ ಕಚ್ಚಿಸಿಕೊಂಡು ತಲೆ ಬಾಗಿಸಿದರು. ಪಡಸಾಲೆಯಲ್ಲೂ ಅಂಗಳದಲ್ಲೂ ಜನ ನಿಂತಲ್ಲೇ ನಿಂತಿದ್ದರು.

ಒಳಗೆ ಕುಂಕುಮ ಹೋಗಿರಲಿಲ್ಲ. ತುಂಗಾ ನಿನ್ನೆ ಮುಂಜಾನೆ ಕೊಟ್ಟ ಚಾವಿಯಲ್ಲಿ ಗಡಿಯಾರ ನಡೆಯುತ್ತಿತ್ತು.